ಚಿತ್ರದಲ್ಲಿ ಕಟ್ಟಿದ ರಾಷ್ಟ್ರ

ಇತಿಹಾಸದ ತರಗತಿಯಲ್ಲಿ ಒಂದು ಶಾಸನವನ್ನು ಓದುವಾಗ, ಇದನ್ನು ಬರೆಸಿದವನು ಯಾರು, ಏಕೆ ಬರೆಸಿದನು ಎಂದು ನಾವು ಕೇಳುತ್ತೇವೆ. ಪುಸ್ತಕದ ನಡುವೆ ಒಂದು ಚಿತ್ರ ಬಂದರೆ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತದೆ. ಕಣ್ಣಿಗೆ ಕಂಡದ್ದೆಲ್ಲ ನಡೆದದ್ದೇ ಎಂದು ನಂಬಿ ಹಾಳೆ ತಿರುವಿಬಿಡುತ್ತೇವೆ. ಶ್ರೀರಂಗಪಟ್ಟಣದ ಪತನವನ್ನು ಕುರಿತ ಆಂಗ್ಲ ಚಿತ್ರಗಳನ್ನು ನಮ್ಮಲ್ಲಿ ಬಹುಮಂದಿ ನೋಡುವುದು ಹೀಗೆಯೇ. ಆ ಚಿತ್ರಗಳಲ್ಲಿ ಟಿಪ್ಪುವಿನ ಚರಿತ್ರೆಗಿಂತ ಬ್ರಿಟಿಷರ ಚರಿತ್ರೆಯೇ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ ಬಹು ಪುರಾತನವಾದ ರಾಷ್ಟ್ರವೆಂದು ನಾವು ಭಾವಿಸುವುದುಂಟು. ಇಂಗ್ಲೆಂಡು ಹಳೆಯದು, ಸ್ಕಾಟ್ಲೆಂಡೂ ಹಳೆಯದು. ಆದರೆ ಅವೆರಡೂ ಒಂದೇ ಪಾರ್ಲಿಮೆಂಟಿಗೆ ಒಳಪಟ್ಟದ್ದು 1707ರಲ್ಲಿ. ಐರ್ಲೆಂಡು ಸೇರಿದ್ದು 1801ರಲ್ಲಿ. ಹಳೆಯ ಹಗೆ, ಮತಭೇದ, ಭಾಷಾಭೇದಗಳಿದ್ದ ಈ ಜನರಿಗೆ ‘ನಾವು ಬ್ರಿಟಿಷರು’ ಎನ್ನಿಸಬೇಕಾದರೆ ಎಲ್ಲರೂ ಕೂಡಿ ನೋಡಿ ಹೆಮ್ಮೆಪಡುವಂಥದೊಂದು ಬೇಕಾಗಿತ್ತು. ಹೊರನಾಡಿನ ಯುದ್ಧಗಳು ಅದನ್ನು ಒದಗಿಸಿದವು. ಚಿತ್ರಕಾರರು ಅದಕ್ಕೆ ರೂಪು ಕೊಟ್ಟರು.

1768ರಲ್ಲಿ ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷ ರೆನಾಲ್ಡ್ಸ್ ಇತಿಹಾಸ ಚಿತ್ರವೇ ಚಿತ್ರಕಲೆಯಲ್ಲಿ ಶ್ರೇಷ್ಠವೆಂದು ಬೋಧಿಸಿದನು. ಆಗ ಇತಿಹಾಸ ಚಿತ್ರವೆಂದರೆ ಬೈಬಲ್ಲಿನ ಕಥೆ, ಗ್ರೀಕರ ಕಥೆ, ರೋಮನರ ಕಥೆ. ಬೆಂಜಮಿನ್ ವೆಸ್ಟ್ ಎಂಬವನು 1770ರಲ್ಲಿ ಜನರಲ್ ವುಲ್ಫನ ಮರಣದ ಚಿತ್ರವನ್ನು ಬರೆದು ಈ ಕಟ್ಟನ್ನು ಸಡಿಲಿಸಿದನು. 1759ರಲ್ಲಿ ಕ್ವಿಬೆಕ್ಕಿನಲ್ಲಿ ಮಡಿದ ಆ ಸೇನಾನಿಗೆ ರೋಮನ್ ಉಡುಪು ತೊಡಿಸದೆ ಆ ಕಾಲದ ಸಿಪಾಯಿ ಅಂಗಿಯನ್ನೇ ತೊಡಿಸಿದನು. ದೊಡ್ಡ ಚರ್ಚೆಯೇ ಆಯಿತು. ಅಂಗಿ ನಿಜವಾದರೂ ಚಿತ್ರ ನಿಜವಲ್ಲ. ಅದರಲ್ಲಿ ಸುತ್ತ ನಿಂತಿರುವ ಅಧಿಕಾರಿಗಳಲ್ಲಿ ಹೆಚ್ಚಿನವರು ವುಲ್ಫ್ ಸಾಯುವಾಗ ಆ ಸ್ಥಳದಲ್ಲಿರಲಿಲ್ಲ. ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಹಳೆಯ ಚಿತ್ರಗಳ ಭಂಗಿಯಲ್ಲಿ ವುಲ್ಫನನ್ನು ಮಲಗಿಸಿದ್ದಾನೆ. ಒಬ್ಬ ಸೇನಾನಿ ಹೀಗೆ ಹುತಾತ್ಮನಾದನು. ಇನ್ನೊಂದು ಸ್ವಾರಸ್ಯ: ಈ ವೆಸ್ಟ್ ಇಂಗ್ಲಿಷಿನವನೇ ಅಲ್ಲ, ಅಮೆರಿಕದ ಪೆನ್ಸಿಲ್ವೇನಿಯಾದವನು! ಮುಂದೆ 1792ರಲ್ಲಿ ರೆನಾಲ್ಡ್ಸನ ಸ್ಥಾನಕ್ಕೆ ಬಂದವನೂ ಇವನೇ.

ಈ ಚಿತ್ರಕಾರರಿಗೆ ಮೈಸೂರು ದೊಡ್ಡ ವಸ್ತುವಾಯಿತು. 1792ರ ಸಂಧಿಯಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ್ದನ್ನು ಹಲವರು ಬರೆದರು. ಅವರಲ್ಲಿ ರಾಬರ್ಟ್ ಹೋಮ್ ಸೇನೆಯ ಜೊತೆಗೇ ಬಂದಿದ್ದವನು. ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕಿತ್ತುಕೊಂಡವನು ಈ ಚಿತ್ರಗಳಲ್ಲಿ ಮಕ್ಕಳ ಕೈಹಿಡಿಯುವ ಕರುಣಾಳು ತಂದೆಯಂತೆ ಕಾಣುತ್ತಾನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ನೂರು ಅಡಿಗೂ ಮಿಕ್ಕಿದ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅವನು ಕಾವೇರಿಯನ್ನು ಕಂಡವನಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರ. ಈಗ ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. 1799ರ ಮೇ 4ರ ರಾತ್ರಿ ಜನರಲ್ ಬೇರ್ಡ್ ಟಿಪ್ಪುವಿನ ಶವವನ್ನು ಕಂಡ ಸಂದರ್ಭ. ಬೆಳಕೆಲ್ಲ ಬೇರ್ಡನ ಮೇಲೆ. ಕತ್ತಿ ಹಿಡಿದು ನೆಟ್ಟಗೆ ನಿಂತಿದ್ದಾನೆ. ಸುಲ್ತಾನ ಅವನ ಕಾಲ ಕೆಳಗಿನ ನೆರಳಿನಲ್ಲಿ ಬಿದ್ದಿದ್ದಾನೆ. ಬೇರ್ಡನ ಪಾದದ ಬಳಿಯಲ್ಲೇ ನೆಲಮಾಳಿಗೆಯ ಕಂಬಿಯೊಂದಿದೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದನೆಂಬುದನ್ನು ಆ ಕಂಬಿ ನೆನಪಿಗೆ ತರುತ್ತದೆ. ಬಹು ಜಾಣತನದ ಕಂಬಿ! ಅದನ್ನು ಕಂಡವನಿಗೆ ಗೆದ್ದವರ ಕತ್ತಿ ನ್ಯಾಯದ ಕತ್ತಿಯಾಗಿ ತೋರುತ್ತದೆ. ಚಿತ್ರವನ್ನು ಬರೆಸಿದವಳು ಬೇರ್ಡನ ವಿಧವೆ. ಬೇರ್ಡನೂ ಸ್ಕಾಟ್ಲೆಂಡಿನವನು, ವಿಲ್ಕಿಯೂ ಸ್ಕಾಟ್ಲೆಂಡಿನವನು. ವಿಲ್ಕಿ ಭಾರತಕ್ಕೆ ಬಂದವನಲ್ಲ. ಗೆದ್ದ ಪಟ್ಟಣದ ಅಧಿಕಾರವನ್ನು ಬೇರ್ಡನಿಂದ ತಪ್ಪಿಸಿ ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಗೆ ಕೊಟ್ಟರು, ಬೇರ್ಡ್ ಅದನ್ನು ನುಂಗಿಕೊಳ್ಳಲಾರದೆ ಹೋದನು ಎಂಬ ಸಂಗತಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ರಾಷ್ಟ್ರದ ಚಿತ್ರದಲ್ಲಿ ಮನೆಜಗಳಕ್ಕೆ ಜಾಗವಿಲ್ಲ.

ವಿಲ್ಕಿಯ ಕೈ ಸಾಮಾನ್ಯವಾದುದೆಂದು ನಾನು ಹೇಳುತ್ತಿಲ್ಲ. ಆ ಕತ್ತಲೆಯನ್ನು ಬರೆಯುವುದು ಎಲ್ಲರಿಗೂ ಸಾಧ್ಯವಲ್ಲ. ಪರಕೀಯರ ದರ್ಪದ ಚಿತ್ರಗಳನ್ನು ನಮ್ಮ ಪುಸ್ತಕಗಳಿಂದ ತೆಗೆದೇ ಬಿಡಬೇಕೆನ್ನುವ ಮಿತ್ರರೂ ಇದ್ದಾರೆ. ನನಗೆ ಅದು ಸಮ್ಮತವಲ್ಲ. ತೆಗೆದರೆ ಅವರು ತಮ್ಮನ್ನು ತಾವು ಹೇಗೆ ಕಟ್ಟಿಕೊಂಡರೆಂಬುದು ನಮಗೆ ತಿಳಿಯುವುದಾದರೂ ಹೇಗೆ? ಪಕ್ಕದಲ್ಲಿ ಇನ್ನೊಂದು ಚಿತ್ರ ಇರಲಿ ಎನ್ನುವುದಷ್ಟೇ ನನ್ನ ವಾದ. ಆ ಚಿತ್ರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೇರ್ಡ್ ಸೆರೆಸಿಕ್ಕ ಪೊಳ್ಳಿಲೂರಿನ ಯುದ್ಧವೇ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಡುಗಡೆಯ ಗೋಡೆಯ ಮೇಲಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಕೆಂಪಂಗಿಯ ಸಿಪಾಯಿಗಳೆಲ್ಲರಿಗೂ ಹೆಚ್ಚುಕಡಮೆ ಒಂದೇ ಮುಖ. ಇದೂ ಅರಸನು ಬರೆಸಿದ ಚಿತ್ರವೇ, ಇದರಲ್ಲೂ ಹೊಗಳಿಕೆಯುಂಟು. ಶಾಸನಕ್ಕೆ ಕೇಳುವ ಪ್ರಶ್ನೆಯನ್ನು ಇದಕ್ಕೂ ಕೇಳಬೇಕು. ಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸಮಾಡಿದವನು ಅದೇ ವೆಲ್ಲೆಸ್ಲಿ. ಮಾಸಿಹೋಗುತ್ತಿದ್ದ ಗೋಡೆಯನ್ನು ಮುಂದೆ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಿದರು. ತಮ್ಮ ಸೋಲನ್ನು ತಾವೇ ಉಳಿಸಿಕೊಂಡರೆನ್ನಬೇಕು.

ವೆಲ್ಲೆಸ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದನು. ವಾಟರ್ಲೂ ಯುದ್ಧದ ಕೊನೆಯಲ್ಲಿ ಅವನು ಬ್ಲೂಷರನನ್ನು ಕಂಡ ದೃಶ್ಯವನ್ನು ಐರ್ಲೆಂಡಿನವನೇ ಆದ ಮ್ಯಾಕ್ಲೀಸ್ ಲಂಡನ್ನಿನ ಪಾರ್ಲಿಮೆಂಟಿನ ಗೋಡೆಯ ಮೇಲೆ ಬರೆದು 1861ರಲ್ಲಿ ಮುಗಿಸಿದನು. ಬ್ರಿಟಿಷ್ ರಾಷ್ಟ್ರದ ಮುಖವನ್ನು ತಿದ್ದಿದವರಲ್ಲಿ ಇಂಗ್ಲಿಷರಿಗಿಂತ ಇತರರೇ ಎದ್ದು ಕಾಣುವುದು ನನಗಂತೂ ಆಕಸ್ಮಿಕವೆಂದು ತೋರುವುದಿಲ್ಲ. ಹೊಸದಾಗಿ ಸೇರಿದವನಿಗೆ ತಾನು ಆ ಮನೆಯವನೆಂದು ತೋರಿಸಿಕೊಳ್ಳುವ ಆತುರ ಹೆಚ್ಚು.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೊರಡುವಾಗ ವಿಲ್ಕಿಯ ಚಿತ್ರದ ಪ್ರತಿಯೊಂದನ್ನು ಜೊತೆಗೆ ತರೋಣ. ದರಿಯಾ ದೌಲತ್ತಿನ ಆ ಗೋಡೆಯ ಮುಂದೆ ಅದನ್ನು ಹಿಡಿದು ಅರ್ಧ ಗಂಟೆ ನಿಲ್ಲಲು ಅವಕಾಶ ಕೊಡಬೇಕು. ಪ್ರತಿ ಸಲವೂ ಬಸ್ಸಿಗೆ ರಂಗನತಿಟ್ಟಿನ ಹಕ್ಕಿಗಳನ್ನು ನೋಡಲು ಹೊರಡುವ ಅವಸರ.