ಸ್ಟೆಂಟ್ ಹಾಕಿದಿರಿ, ಸಂತೋಷ; ನಡೆಯುವುದನ್ನು ಕನ್ನಡದಲ್ಲಿ ಹೇಳುವವರು ಯಾರು?



ಬೆಂಗಳೂರಿನ ಹೊರವಲಯದಲ್ಲಿ ಹೃದಯದ ಆಸ್ಪತ್ರೆಗಳಿಗೆ ಬರವಿಲ್ಲ. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆ ಇದೆ. ಅಲ್ಲಿ ಬಿಲ್ ಕೌಂಟರೇ ಇಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದ ನಾರಾಯಣ ಹೃದಯಾಲಯ. ನಮ್ಮ ಪೀಣ್ಯದ ಕಾರ್ಮಿಕನಿಗೆ ಇಎಸ್‌ಐ ಆಸ್ಪತ್ರೆ, ಊರೊಳಗೆ ಹೋದರೆ ಜಯದೇವ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ಪುಕ್ಕಟೆ ಕೊಡುತ್ತಾರೆ. ಜೀವ ಉಳಿಸುವ ಈ ಕೈಗಳಿಗೆಲ್ಲ ನಮಸ್ಕಾರ. ನನ್ನ ತಕರಾರು ಜೀವ ಉಳಿದ ಮೇಲಿನದ್ದು. ಡಿಸ್ಚಾರ್ಜ್ ಮಾಡಿ ಆಟೋ ಹತ್ತಿಸಿದ ಮೇಲೆ ಆ ಮನುಷ್ಯನ ಗತಿ ಏನು?

ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮಿಷನ್ ನೋಡಿಕೊಳ್ಳುವವರೊಬ್ಬರಿದ್ದಾರೆ. ವಯಸ್ಸು ಐವತ್ತೆರಡು, ನಾವೆಲ್ಲ ಅಣ್ಣ ಎನ್ನುತ್ತೇವೆ. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಬಿತ್ತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು (ಹೆಸರು ಬೇಡ) ಆರು ಹಾಳೆಯ ಇಂಗ್ಲಿಷ್ ಸಮ್ಮರಿ ಕೊಟ್ಟರು. ಕೊನೆಯ ಹಾಳೆಯಲ್ಲಿ ಎರಡು ಸಾಲು: ‘ಅವಾಯ್ಡ್ ಸ್ಟ್ರೆನ್ಯುಯಸ್ ಆಕ್ಟಿವಿಟಿ. ರೆಗ್ಯುಲರ್ ಎಕ್ಸರ್‌ಸೈಜ್.’ ಶ್ರಮ ಪಡಬೇಡ, ವ್ಯಾಯಾಮ ಮಾಡು! ಎಷ್ಟು ಮಾಡಬೇಕು, ಎಂದಿನಿಂದ ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಒಂದು ಅಕ್ಷರವಿಲ್ಲ. ಪಿಯುಸಿ ಓದುವ ಮಗಳು ಅರ್ಥ ಬಿಡಿಸಿ ಹೇಳಿದಳು. ಮನೆಯವರ ತಲೆಗೆ ಹೋದದ್ದು ಮೊದಲ ಸಾಲು ಮಾತ್ರ. ಎರಡು ತಿಂಗಳು ಅಣ್ಣ ಮಂಚದ ಮೇಲೇ ಇದ್ದರು. ಬಿಂದಿಗೆ ಮುಟ್ಟಿದರೆ ಹೆಂಡತಿ ಗದರುತ್ತಿದ್ದರು. ನೋಡಲು ಹೋದಾಗ, ‘ನನ್ ಕಥೆ ಮುಗೀತು ಸಾರ್, ಬೇರೆಯೋರನ್ನ ನೋಡ್ಕೊಳಿ’ ಅಂದರು. ಎದೆಯ ನಾಳ ರಿಪೇರಿಯಾಗಿತ್ತು, ಎದೆಗಾರಿಕೆ ಹೋಗಿತ್ತು.

ಒಂದು ಕಾಲದಲ್ಲಿ ಡಾಕ್ಟರುಗಳೂ ಹೀಗೇ ನಂಬಿದ್ದರು. ಹೃದಯಾಘಾತವಾದವನನ್ನು ವಾರಗಟ್ಟಲೆ ಮಲಗಿಸಿ ಮಗ್ಗುಲು ಬದಲಿಸಲೂ ಬಿಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸಾಹಸ. ಮಾರನೇ ವರ್ಷ ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬಾತ ಬಸ್ಸಿನವರ ಲೆಕ್ಕ ತೆಗೆದ. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕೂತೇ ಇರುವ ಡ್ರೈವರ್‌ಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ! ಅಲ್ಲಿಂದ ಇಲ್ಲಿಯವರೆಗೆ ಹೃದ್ರೋಗಿಗಳ ವ್ಯಾಯಾಮದ ಮೇಲೆ ನಡೆದ 85 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ರೋಗಿಗಳನ್ನು 2021ರಲ್ಲಿ ಒಟ್ಟಿಗೆ ತೂಗಿ ನೋಡಿದ್ದಾರೆ. ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಹೃದಯದಿಂದಾಗುವ ಸಾವು ಸುಮಾರು ಕಾಲು ಭಾಗ ಕಡಿಮೆ. ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆ. ಹೀಗಿರುವಾಗ ಇದು ಮಾತ್ರೆಯಷ್ಟೇ ಮುಖ್ಯ ಚಿಕಿತ್ಸೆ ಅಲ್ಲವೇ? ಮಾತ್ರೆಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೀಟು ಹಾಕಿ ಕೊಡುವವರು ನಡಿಗೆಗೆ ಯಾಕೆ ಹಾಗೆ ಬರೆದುಕೊಡುವುದಿಲ್ಲ?

‘ಅದಕ್ಕೆ ಪುನಶ್ಚೇತನ ಕೇಂದ್ರಕ್ಕೆ ಬನ್ನಿ’ ಅನ್ನಬಹುದು. ಹೇಗೆ ಬರಬೇಕು ಸ್ವಾಮಿ? ದಿನಗೂಲಿ ಬಿಟ್ಟು, ವಾರಕ್ಕೆ ಮೂರು ಸಲ, ಪೀಣ್ಯದಿಂದ ಜಯನಗರಕ್ಕೆ? ಹೋಗಬೇಕಾದ ಅಗತ್ಯವೂ ಎಲ್ಲರಿಗಿಲ್ಲ. ಮನೆಯಲ್ಲೇ ಮಾಡುವ ವ್ಯಾಯಾಮವನ್ನು ಆಸ್ಪತ್ರೆಯಲ್ಲಿ ಮಾಡಿಸುವುದರ ಜೊತೆ ಹೋಲಿಸಿದ 24 ಪ್ರಯೋಗಗಳ ಲೆಕ್ಕ 2023ರಲ್ಲಿ ಬಂತು. ಫಲ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ.

ನಾನು ಅಚ್ಚಿನ ಮನೆಯವನಾದ್ದರಿಂದ ಸ್ಕಾಟ್ಲೆಂಡಿನ ಎಡಿನ್‌ಬರೋ ಕಥೆ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಬಾಬ್ ಲೆವಿನ್ ಮತ್ತು ಜೊತೆಗಾರರು ಹೃದಯಾಘಾತದಿಂದ ಎದ್ದವರಿಗೆ ಒಂದು ಪುಸ್ತಕ ಮಾಡಿ ಕೊಟ್ಟರು. ಹೆಸರು ‘ಹಾರ್ಟ್ ಮ್ಯಾನ್ಯುಯಲ್’. ಆರು ವಾರದ ಪಾಠ: ಈ ವಾರ ಇಷ್ಟು ನಡೆ, ಈ ವ್ಯಾಯಾಮ ಮಾಡು, ಹೆದರಿಕೆಯಾದರೆ ಹೀಗೆ ಮಾಡು. ಜೊತೆಗೊಂದು ಕ್ಯಾಸೆಟ್ಟು, ನಡುನಡುವೆ ವಿಚಾರಿಸಿಕೊಳ್ಳುವ ಒಬ್ಬ ತರಬೇತಾದ ಮನುಷ್ಯ. ಅಷ್ಟೇ! 1992ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪುಸ್ತಕ ಸಿಕ್ಕವರಲ್ಲಿ ಆತಂಕ ಕಡಿಮೆ, ಡಾಕ್ಟರ ಬಾಗಿಲಿಗೆ ಓಡುವುದು ಕಡಿಮೆ, ಮೊದಲ ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರೂ ಕಡಿಮೆ. ಆದರೆ ಅವರಿಗೆ ಆ ಪುಸ್ತಕ ಸಿಕ್ಕಿದ್ದು ಅವರ ಮನೆಮಾತಿನಲ್ಲಿ.

ನಮ್ಮ ದೇಶದಲ್ಲೂ ಆಗಿದೆ. ಡಾ. ದೊರೈರಾಜ್ ಪ್ರಭಾಕರನ್ ಮುಂದಾಳತ್ವದಲ್ಲಿ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳನ್ನು ಸೇರಿಸಿ ‘ಯೋಗ-ಕೇರ್’ ಪ್ರಯೋಗ ನಡೆಯಿತು, 2020ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರ, 13 ತರಗತಿ, ಉಳಿದದ್ದು ಮನೆಯಲ್ಲಿ ಅಭ್ಯಾಸ. ಸಾವು ಕಡಿಮೆಯಾಯಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಹಳೆಯ ಕೆಲಸಕಾರ್ಯಕ್ಕೆ ಮರಳುವುದರಲ್ಲಿ ಯೋಗ ಮಾಡಿದವರು ಮುಂದಿದ್ದರು. ಲೇಥ್ ಮುಂದೆ ನಿಲ್ಲುವವನಿಗೆ ಅದೇ ಅನ್ನ.

ಒಂದು ಹಾಳೆಯಲ್ಲಿ ಇದನ್ನೆಲ್ಲ ಹೇಳಬಹುದು. ಡಾಕ್ಟರು ಒಪ್ಪಿದ ಮೇಲೆ ಮೊದಲ ವಾರ ಸಮತಟ್ಟು ಜಾಗದಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸುತ್ತಾ ಆರನೇ ವಾರದ ಹೊತ್ತಿಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಶುರುವಿನಲ್ಲೂ ಕೊನೆಯಲ್ಲೂ ನಿಧಾನ, ಗಕ್ಕನೆ ನಿಲ್ಲಬಾರದು. ಊಟವಾದ ತಕ್ಷಣ ಬೇಡ. ಉಸಿರು ಬಿಗಿಹಿಡಿದು ಭಾರ ಎತ್ತುವುದಂತೂ ಬೇಡವೇ ಬೇಡ. ಎಷ್ಟು ಜೋರಾಗಿ ನಡೆಯಬೇಕು? ನಾಡಿ ಎಣಿಸಿ ಎನ್ನುತ್ತಾರೆ. ಆದರೆ ಹಾರ್ಟ್ ಅಟ್ಯಾಕ್ ಆದ ಬಹಳ ಜನ ಮೆಟೊಪ್ರೊಲಾಲ್ ತರಹದ ಮಾತ್ರೆ ನುಂಗುತ್ತಿರುತ್ತಾರೆ. ಅದು ನಾಡಿಯನ್ನು ತಗ್ಗಿಸಿಡುತ್ತದೆ, ಬರೀ ಎಣಿಕೆ ನಂಬಿದರೆ ಮೋಸ. ಅದಕ್ಕಿಂತ ಸುಲಭದ ಅಳತೆ ಮಾತು. ನಡೆಯುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡಲು ಬರುತ್ತಿದ್ದರೆ ವೇಗ ಸರಿ. ಮಾತು ತುಂಡಾದರೆ ನಿಧಾನಿಸಿ. ಇದಕ್ಕೆ ವಾಚೂ ಬೇಡ, ಆ್ಯಪೂ ಬೇಡ, ಅಚ್ಚ ಕನ್ನಡ ಸಾಕು!

ಅದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತು ಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ, ತಣ್ಣನೆ ಬೆವರಿದರೆ, ಎದೆಬಡಿತ ಲಯ ತಪ್ಪಿದರೆ ನಿಲ್ಲಿಸಿ ಕೂತುಕೊಳ್ಳಿ. ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಹೇಳಿದ ಹಾಗೆ ಬಳಸಿ. ನೋವು ಬಿಡದಿದ್ದರೆ 108ಕ್ಕೆ ಫೋನ್ ಮಾಡಿ, ನೀವೇ ಬೈಕ್ ಹತ್ತಬೇಡಿ. ಕೂತಾಗಲೂ ಎದೆನೋವು ಬರುವವರು, ಕಾಲು ಊದಿ ಉಸಿರು ಕಟ್ಟುವವರು, ಕವಾಟ ಬಹಳ ಕಿರಿದಾದವರು ಡಾಕ್ಟರು ನೋಡಿ ಒಪ್ಪುವ ತನಕ ಮನೆಯಲ್ಲಿ ಶುರು ಮಾಡಲೇಬಾರದು. ಯಾರು ಮಾಡಬಹುದು, ಯಾರು ಕೂಡದು ಎಂದು ಟಿಕ್ ಹಾಕುವುದು ಡಾಕ್ಟರ ಕೆಲಸ, ನನ್ನದಲ್ಲ.

ನಡೆಯಲು ಜಾಗ ಎಲ್ಲಿದೆ ಎಂದು ಕೇಳುತ್ತೀರಿ, ಸರಿಯಾಗಿಯೇ ಕೇಳುತ್ತೀರಿ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರಿಗೆ ಗೇಟಿನೊಳಗೇ ಹುಲ್ಲುಹಾಸಿನ ಟ್ರ್ಯಾಕು. ಅದೇ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನಿಗೆ? ಪೀಣ್ಯದ ಎರಡನೇ ಹಂತದಲ್ಲಿ ಫುಟ್‌ಪಾತಿನ ಮೇಲೆ ಲಾರಿ, ಗಾಳಿಯಲ್ಲಿ ಗ್ರೈಂಡಿಂಗ್ ಧೂಳು. ಅದಕ್ಕೇ ತಾರಸಿ, ವಠಾರದ ಓಣಿ, ಹತ್ತು ಅಡಿ ರೂಮಿನಲ್ಲಿ ನಿಂತಲ್ಲೇ ಹೆಜ್ಜೆ, ಕುರ್ಚಿಯಿಂದ ಎದ್ದು ಕೂರುವುದು, ಇವೆಲ್ಲ ಆ ಹಾಳೆಯಲ್ಲಿ ಚಿತ್ರ ಸಮೇತ ಇರಬೇಕು. ಹೆಂಗಸರಿಗಂತೂ ಬೇರೆಯೇ ಬರೆಯಬೇಕು. ಅಮ್ಮನಿಗೆ ಹೃದಯಾಘಾತವಾದರೆ ನಾಲ್ಕನೇ ದಿನ ಒಲೆ ಮುಂದೆ ನಿಲ್ಲಿಸಿ, ‘ಮನೆಗೆಲಸಾನೇ ವ್ಯಾಯಾಮ ಬಿಡಮ್ಮ’ ಅನ್ನುವ ಗಂಡುಮಕ್ಕಳು ನಮ್ಮ ಸಂಘಟನೆಗಳಲ್ಲೂ ಇದ್ದಾರೆ.

ಕಾರ್ಮಿಕರ ಲೆಕ್ಕವೊಂದಿದೆ. ಇಎಸ್‌ಐ ಇರುವವನಿಗೆ ಕಾಯಿಲೆ ರಜೆಯಲ್ಲಿ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅಂದರೆ ಹದಿಮೂರು ವಾರ. ಯೋಗ-ಕೇರ್ ಪಾಠ ಹನ್ನೆರಡು ವಾರ! ದುಡ್ಡು ಸರ್ಕಾರದ ನಿಗಮವೇ ಕೊಡುತ್ತಿದೆ, ಸಮಯವೂ ಇದೆ. ಆ ಹದಿಮೂರು ವಾರ ಮಂಚದ ಮೇಲೆ ಕೊಳೆಯಬೇಕೋ, ವಾರವಾರಕ್ಕೂ ಬಲ ತುಂಬಿಕೊಂಡು ಮಿಷನ್ ಮುಂದೆ ಬಂದು ನಿಲ್ಲಬೇಕೋ ಎಂಬುದು ಒಂದು ಹಾಳೆ ಕಾಗದದ ಮೇಲೆ ನಿಂತಿದೆ.

2024ರ ಸೆಪ್ಟೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಒಳ್ಳೆಯದೇ. ಆದರೆ ನನ್ನನ್ನು ಕೇಳಿದರೆ ಔಷಧ ಚೀಟಿ ಓದುವವನು ಮೆಡಿಕಲ್ ಶಾಪಿನವನು. ವ್ಯಾಯಾಮದ ಮಾತನ್ನು ಓದಬೇಕಾದವನು ರೋಗಿ. ಕನ್ನಡ ಮೊದಲು ಬರಬೇಕಾದದ್ದು ಅಲ್ಲಿ. 2025ರ ಜೂನ್-ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ ಇಡೀ ನಾಡು ಜಯದೇವದ ಮುಂದೆ ಇಸಿಜಿಗೆ ಕ್ಯೂ ನಿಂತಿತು. ಡಿಸ್ಚಾರ್ಜ್ ಕೌಂಟರಿನ ಮುಂದೆ ನಿಂತು, ‘ನಮ್ಮಪ್ಪ ನಾಳೆಯಿಂದ ಎಷ್ಟು ನಡೀಬೇಕು, ಕನ್ನಡದಲ್ಲಿ ಬರೆದುಕೊಡಿ’ ಎಂದು ಕೇಳಿದವರು ಎಷ್ಟು ಮಂದಿ?

ಬೋರ್ಡಿಗೆ ಮಸಿ ಬಳಿಯುವ ಹುರುಪಿನ ಹುಡುಗರೇ, ಈ ಭಾನುವಾರ ನಿಮ್ಮ ಏರಿಯಾದ ಆಸ್ಪತ್ರೆಗೆ ಮಸಿ ಇಲ್ಲದೆ ಹೋಗಿ. ಗಲಾಟೆ ಬೇಡ, ಒಳಗಿರುವವರು ಹೃದಯದ ರೋಗಿಗಳು. ಕನ್ನಡದ ವ್ಯಾಯಾಮದ ಹಾಳೆ ಇದೆಯೇ ಎಂದು ಕೇಳಿ. ಇದ್ದರೆ ಒಂದು ಪ್ರತಿ ತನ್ನಿ, ಬೇರೆ ಆಸ್ಪತ್ರೆಗೆ ತೋರಿಸೋಣ. ಇಲ್ಲದಿದ್ದರೆ ಬರೆದುಕೊಡುವ ಒಬ್ಬ ಹೃದ್ರೋಗ ತಜ್ಞರನ್ನೋ ಫಿಸಿಯೋಥೆರಪಿಯವರನ್ನೋ ಒಪ್ಪಿಸಿ. ಎ-ನಾಲ್ಕು ಹಾಳೆ, ಎರಡೂ ಬದಿ, ಒಂದೇ ಬಣ್ಣ. ಸಾವಿರಗಟ್ಟಲೆ ಹೊಡೆದರೆ ಒಂದಕ್ಕೆ ಅರ್ಧ ಟೀ ಖರ್ಚೂ ಬೀಳುವುದಿಲ್ಲ. ಮೊದಲ ಎರಡು ಸಾವಿರ ಪ್ರತಿಯ ಪ್ಲೇಟು, ಇಂಕು, ಕಾಗದ ನನ್ನ ಪ್ರೆಸ್ಸಿನದು. ಅಕ್ಷರ ಮಾತ್ರ ದಪ್ಪಗಿರಲಿ, ಹದಿನಾಲ್ಕು ಪಾಯಿಂಟಿಗಿಂತ ಕಡಿಮೆ ಬೇಡ; ಓದುವವರಲ್ಲಿ ಬಹಳ ಜನಕ್ಕೆ ಕನ್ನಡಕ ಇರುತ್ತದೆ.