ಸೊಂಡಿಲು ಮುರಿದ ಆನೆ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಸೊಸೆ ಮನೆಯಲ್ಲಿಯೇ ಕೇಕು ಬೇಯಿಸಿ, ಅದರ ಮೇಲೆ ಫಾಂಡೆಂಟಿನ ಕಾಡೊಂದನ್ನು ನಿಲ್ಲಿಸಿದ್ದಳು. ಆನೆ, ಜಿರಾಫೆ, ಮಲಗಿದ ಹುಲಿ. ಬಂದಿದ್ದ ಹಿರಿಯರೊಬ್ಬರು, "ಇದೆಲ್ಲ ನಮ್ಮ ಸಂಪ್ರದಾಯವಲ್ಲ" ಎಂದರು. ತಟ್ಟೆಯನ್ನು ಬರಿದು ಮಾಡಿದ ಮೇಲೆಯೇ ಎಂದರು, ಅದು ಬೇರೆ ಮಾತು.

ಹಾಗಾದರೆ ಸಂಕ್ರಾಂತಿಯ ಸಕ್ಕರೆ ಅಚ್ಚು ಏನು? ನಮ್ಮ ತಾಯಿ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಶೋಧಿಸಿ, ಬೆಳ್ಳಗಾಗುವವರೆಗೆ ಕೈಬಿಡದೆ ತಿರುವಿ, ದಾರ ಬಿಗಿದ ಅಚ್ಚಿಗೆ ಹೊಯ್ಯುತ್ತಿದ್ದರು. ತುಸು ತಡವಾದರೆ ಪಾಕ ಪಾತ್ರೆಯಲ್ಲಿಯೇ ಕಲ್ಲು. ಆತುರದಿಂದ ಬಿಚ್ಚಿದರೆ ಆನೆಗೆ ಸೊಂಡಿಲಿಲ್ಲ. ಮುರಿದ ಆನೆಗಳು ಮಕ್ಕಳ ಪಾಲು. ಅಮ್ಮನಿಗೆ ಆತುರವಾಗಲೆಂದು ನಾವು ಮನಸ್ಸಿನಲ್ಲಿಯೇ ಹಾರೈಸುತ್ತಿದ್ದೆವು.

ಫಾಂಡೆಂಟೂ ಸಕ್ಕರೆಯ ಕುಲದ್ದೇ: ಪುಡಿಸಕ್ಕರೆಗೆ ಗ್ಲೂಕೋಸ್ ಪಾಕ, ಗ್ಲಿಸರಿನ್, ಜೆಲಟಿನ್ ಸೇರಿಸಿ ನಾದಿದ ಕಣಕ. ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುವಂಥದು. ಹಿರಿಯರು ಆಕ್ಷೇಪಿಸುವುದಿದ್ದರೆ ಅದನ್ನು ಆಕ್ಷೇಪಿಸಬಹುದಾಗಿತ್ತು. ಸೊಸೆ ಅದರ ಬದಲು ಅಗರ್ ಹಾಕಿದ್ದಳು.

ನನ್ನ ದೂರು ಬೇರೆ. ಅಂಗಡಿಯಿಂದ ಪೊಟ್ಟಣದಲ್ಲಿ ತಂದ ಅಚ್ಚನ್ನು ಎಳ್ಳಿನೊಡನೆ ಬೀರಿ ಸಂಪ್ರದಾಯವೆನ್ನುತ್ತೇವೆ. ಎರಡು ರಾತ್ರಿ ನಿದ್ದೆಗೆಟ್ಟು ಮನೆಯಾಕೆ ತಿದ್ದಿದ ಆನೆಯನ್ನು ಪರದೇಶದ್ದೆನ್ನುತ್ತೇವೆ.

ಮೊನ್ನೆ ಅಟ್ಟದಿಂದ ಅಮ್ಮನ ಅಚ್ಚುಗಳನ್ನು ಇಳಿಸಿದೆ. ಹಲವಕ್ಕೆ ಜೋಡಿಯಿಲ್ಲ. ಆನೆಯದು ಉಳಿದಿದೆ, ಸೊಂಡಿಲಿನ ಬಳಿ ಬಿರುಕು. ಸೊಸೆ ಅದರಲ್ಲಿ ಒಂದು ತುಂಡು ಫಾಂಡೆಂಟನ್ನು ಒತ್ತಿ ನೋಡಿದಳು. ಸೊಂಡಿಲು ಅಚ್ಚಿನೊಳಗೇ ನಿಂತಿತು. ಮೊಮ್ಮಗಳು ಕೈಚಾಚಿದಳು.