ನಿಂತ ರೈಲಿಗೂ ಲೆಕ್ಕವಿರಲಿ

‘ಓಪನ್ ಟಿಟಿಡಿ’ ಆಡುವವರಿಗೆ ಈ ವಿಚಿತ್ರ ಪರಿಚಿತ. ಕೆಂಪು ಸಿಗ್ನಲ್ಲಿನ ಮುಂದೆ ನಿಂತ ರೈಲು ಪೂರ್ಣ ವೇಗದಲ್ಲಿ ಓಡುವ ರೈಲಿನಷ್ಟೇ ನಿರ್ವಹಣಾ ವೆಚ್ಚ ತರುತ್ತದೆ. ಅದೇ ರೈಲನ್ನು ನಾವೇ ಗುಂಡಿಯೊತ್ತಿ ಹಳಿಯ ಮೇಲೆ ನಿಲ್ಲಿಸಿದರೆ ವೆಚ್ಚ ಸೊನ್ನೆ. ಎರಡೂ ಕಡೆ ಗಾಲಿ ಉರುಳುತ್ತಿಲ್ಲ. ಒಂದಕ್ಕೆ ಪೂರ್ತಿ ದಂಡ, ಇನ್ನೊಂದಕ್ಕೆ ಪೂರ್ತಿ ಮಾಫಿ. ಕ್ರಿಸ್ ಸಾಯರ್ 1994ರಲ್ಲಿ ರಚಿಸಿದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ನ ವಂಶದ ಈ ಆಟವನ್ನು 2004ರಿಂದ ಸ್ವಯಂಸೇವಕರು ತಿದ್ದುತ್ತಲೇ ಬಂದಿದ್ದಾರೆ. ಈ ಅನ್ಯಾಯವನ್ನು ಮಾತ್ರ ಮುಟ್ಟಿಲ್ಲ.

ಆಟ ಸರಳವಾಗಿರಲಿ ಎನ್ನುವವರಿದ್ದಾರೆ. ಒಂದು ದಿನವನ್ನು 74 ಟಿಕ್‌ಗಳಾಗಿ ಸೀಳಿ ವೆಚ್ಚ ಎಣಿಸುವ ಆಟದ ಬಾಯಲ್ಲಿ ಸರಳತೆಯ ಮಾತು ಶೋಭಿಸದು.

ಹಾಗಾದರೆ ನಿಂತ ವಾಹನಕ್ಕೆ ವೆಚ್ಚವೇ ಬೇಡವೆನ್ನೋಣವೇ? ಅದನ್ನೂ ನಾವು ಒಪ್ಪೆವು. ‘ಸಿಮುಟ್ರಾನ್ಸ್’ನಲ್ಲಿ ಓಡಾಟದ ವೆಚ್ಚ ಕ್ರಮಿಸಿದ ಚೌಕಗಳ ಲೆಕ್ಕದಲ್ಲಿ ಬೀಳುತ್ತದೆ, ಆ ಲೆಕ್ಕವೊಂದೇ ಇದ್ದರೆ ಬಸ್ಸುಗಳನ್ನು ಸಾಲುಗಟ್ಟಿ ನಿಲ್ಲಿಸಿಟ್ಟವನಿಗೆ ನಷ್ಟವಿಲ್ಲ. ಓಪನ್ ಟಿಟಿಡಿಯಲ್ಲಂತೂ ನಿಂತ ರೈಲು ಸೋಮಾರಿಯೇ ಅಲ್ಲ. ಪೂರ್ಣ ಹೊರೆಗಾಗಿ ಕಲ್ಲಿದ್ದಲ ಗಣಿಯ ಬಳಿ ಕಾಯುವ ರೈಲು ಆ ನಿಲ್ದಾಣದ ದರ್ಜೆಯನ್ನು ಎತ್ತಿ ಹಿಡಿಯುತ್ತದೆ. ದರ್ಜೆ ಏರಿದಷ್ಟೂ ಗಣಿ ಕೊಡುವ ಸರಕು ಹೆಚ್ಚು. ಹೀಗೆ ಲಾಭ ದುಡಿದುಕೊಡುವ ಕಾಯುವಿಕೆಗೆ ಬೆಲೆ ಇರಲೇಬೇಕು. ಆದರೆ ಗಂಟೆಗೆ ನೂರರವತ್ತು ಕಿಲೋಮೀಟರ್ ಓಟದ ಬೆಲೆಯಲ್ಲ.

ನಮ್ಮ ಬೀದಿಯ ಆಟೋ ಮೀಟರಿಗೇ ಈ ವಿವೇಕವಿದೆ: ಕಿಲೋಮೀಟರಿಗೆ ಒಂದು ದರ, ವೇಟಿಂಗಿಗೆ ಬೇರೊಂದು. ಸರಕಿಳಿಸಲು ತಡಮಾಡುವ ವರ್ತಕನಿಂದ ಭಾರತೀಯ ರೈಲ್ವೆ ಡೆಮರೇಜ್ ವಸೂಲು ಮಾಡುವುದೂ ನಿಂತ ವ್ಯಾಗನ್ನಿಗೆ ಬೆಲೆಯಿದೆ ಎಂಬ ಕಾರಣಕ್ಕೇ. (ಆ ಬಿಲ್ಲಿನ ಬಗ್ಗೆ ವರ್ತಕರ ಅಭಿಪ್ರಾಯ ಬೇರೆಯಿರಬಹುದು.)

ಆದ್ದರಿಂದ ವೆಚ್ಚವನ್ನು ಎರಡಾಗಿ ಒಡೆಯಬೇಕು. ಸಿಬ್ಬಂದಿಯ ಸಂಬಳ, ಯಂತ್ರದ ಮುಪ್ಪು ಇವು ಕಾಲಕ್ಕೆ ಸೇರಿದವು; ರೈಲು ಎಲ್ಲೇ ನಿಂತರೂ, ಯಾರೇ ನಿಲ್ಲಿಸಿದರೂ ಬೀಳಲಿ. ಇಂಧನ, ಗಾಲಿಯ ಸವೆತ ಓಟಕ್ಕೆ ಸೇರಿದವು. ನಿಂತಾಗಿನ ಇಂಧನದಲ್ಲೂ ಭೇದ ಬೇಕು: ಉಗಿಯಂತ್ರದ ಒಲೆ ನಿಂತಲ್ಲೂ ಉರಿಯುತ್ತಿರಬೇಕು, ಡೀಸೆಲ್ ಎಂಜಿನ್ ಗುರುಗುಟ್ಟುತ್ತ ಎಣ್ಣೆ ಕುಡಿಯುತ್ತದೆ, ವಿದ್ಯುತ್ ಎಂಜಿನ್ನಿಗೆ ಬೇಕಾದದ್ದು ಅತ್ಯಲ್ಪ. ಆಗ 1930ರ ಆಟಗಾರನಿಗೆ ಕಾಯಿಸುವುದು ದುಬಾರಿ, ವಿದ್ಯುತ್ ಮಾರ್ಗ ಹಾಕಿದವನಿಗೆ ಅಗ್ಗ. ಇಂದು ತಂತಿ ಎಳೆಯಲು ಆಟ ಕೊಡದಿರುವ ಒಂದು ಕಾರಣ ಸಿಕ್ಕೀತು.

ವಾಹನಗಳ ಹೆಚ್ಚುವರಿ ಕಡತಗಳಲ್ಲಿ ಇಂಥ ಏರ್ಪಾಡಿಗೆ ದಾರಿಯಿದೆಯಲ್ಲ ಎಂದು ಕೈತೊಳೆದುಕೊಳ್ಳುವವರಿಗೆ ಒಂದೇ ಮಾತು: ಮೂಲ ಆಟದ ವಾಹನಗಳನ್ನೇ ನಂಬಿ ಆಡುವವನ ಸಿಗ್ನಲ್ಲಿನ ಮುಂದೆ ರೈಲು ಇನ್ನೂ ಪೂರ್ತಿ ದರ ತೆರುತ್ತ ನಿಂತಿದೆ.